ಇನ್ಶೂರೆನ್ಸ್‌ನವರು ‘ಟೋಟಲ್ ಲಾಸ್’ ಅಂದ ಕಾರನ್ನು ಇಟ್ಟುಕೊಳ್ಳೋದಾ, ಬಿಡೋದಾ?

ಪ್ರಶ್ನೆ: ಹರಿಹರದ ಸದಸ್ಯರು

ಸರ್ ನಮಸ್ಕಾರ. ಈ ಗ್ರೂಪಿನಲ್ಲಿ ಇನ್ಶೂರೆನ್ಸ್ ಸರ್ವೇಯರ್ (ನಷ್ಟದ ಲೆಕ್ಕ ಹಾಕುವವರು) ಒಬ್ಬರು ಇದ್ದಾರೆ ಅಂತ ಸ್ನೇಹಿತರು ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ.

ಕಳೆದ ತಿಂಗಳು ಚಿತ್ರದುರ್ಗದಿಂದ ವಾಪಸ್ ಬರುವಾಗ, ಭರಮಸಾಗರ ದಾಟಿದ ಮೇಲೆ ಮುಂದಿದ್ದ ಲಾರಿ ದಿಢೀರ್ ಅಂತ ಬ್ರೇಕ್ ಹಾಕಿತು. ನಮ್ಮ ಕಾರು ಹೋಗಿ ಅದರ ಹಿಂಭಾಗಕ್ಕೆ ಗುದ್ದಿತು. ದೇವರ ದಯೆ, ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದರೆ ಕಾರಿನ ಮುಂಭಾಗ ಒಳಗೆ ಹೋಗಿದೆ. ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡಿವೆ. ಎಡಗಡೆಯ ಎರಡು ಬಾಗಿಲು ನೆಗ್ಗಿವೆ.

ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ವರ್ಷ ದಾಟಿದೆ. ಪಾಲಿಸಿಯಲ್ಲಿ ಐಡಿವಿ (ಕಾರಿಗೆ ಹಿಡಿದ ವಿಮಾ ಬೆಲೆ) 4,20,000. ಬಂಪರ್ ಟು ಬಂಪರ್ (ಸವಕಳಿ ಕಳೆಯದೆ ಕೊಡುವ ಪಾಲಿಸಿ) ಇದೆ. ಶೋರೂಂ ಎಸ್ಟಿಮೇಟ್ 3,70,000. ಸರ್ವೇಯರ್ ಅದನ್ನು 3,42,000ಕ್ಕೆ ಇಳಿಸಿದ್ದಾರೆ. ಆದರೂ ಟೋಟಲ್ ಲಾಸ್, ಅಂದರೆ ರಿಪೇರಿ ಗಿಟ್ಟುವುದಿಲ್ಲ, ಅಂತ ಹೇಳಿದ್ದಾರೆ. ಕಾರು ಬಿಟ್ಟುಕೊಟ್ಟರೆ 4,19,000 ಕೊಡುತ್ತಾರಂತೆ. ನಾವೇ ಇಟ್ಟುಕೊಂಡರೆ ಸಾಲ್ವೇಜ್ (ಗುದ್ದಿದ ಸ್ಥಿತಿಯಲ್ಲಿನ ಕಾರಿನ) ಬೆಲೆ 1,45,000 ಕಳೆದು 2,74,000.

ದಾವಣಗೆರೆಯಲ್ಲಿ ಪರಿಚಯದ ಗ್ಯಾರೇಜಿನವರು 1,90,000ಕ್ಕೆ ಹೊಸದರಂತೆ ಮಾಡಿಕೊಡುತ್ತೇವೆ ಅಂದಿದ್ದಾರೆ. ‘84,000 ಕೈಗೂ ಉಳಿಯುತ್ತದೆ, ಕಾರೂ ಉಳಿಯುತ್ತದೆ, ಇನ್ನೇನು ಯೋಚನೆ’ ಅಂತ ನಮ್ಮ ಮಾವನವರು ಹೇಳುತ್ತಿದ್ದಾರೆ. ಬ್ಯಾಂಕ್ ಸಾಲ 90,000 ಬಾಕಿ ಇದೆ. ಏನು ಮಾಡಲಿ ಸರ್?

ಉತ್ತರ: ಸರ್ವೇಯರ್, ದಾವಣಗೆರೆ

ನಮಸ್ಕಾರ. ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ಮೊದಲನೆಯ ಸಮಾಧಾನ. ನಿಮ್ಮ ಕೇಸ್ ನಾನು ಮಾಡಿದ್ದಲ್ಲ, ಕಾರನ್ನೂ ನೋಡಿಲ್ಲ. ನೀವು ಕೊಟ್ಟ ಅಂಕಿ ಹಿಡಿದು ಹೇಳುತ್ತೇನೆ.

ಮೊದಲು ಮಾವನವರ ಲೆಕ್ಕ ನೋಡೋಣ. ಅವರು 2,74,000ದಲ್ಲಿ 1,90,000 ಕಳೆದಿದ್ದಾರೆ. ಆ ಲೆಕ್ಕದಲ್ಲಿ ಕಾರು ಪುಕ್ಕಟೆ ಬಂದ ಹಾಗೆ ಕಾಣುತ್ತದೆ. ಆದರೆ ಅದು ಪುಕ್ಕಟೆ ಅಲ್ಲ. ಬಿಟ್ಟುಕೊಟ್ಟರೆ ಸಿಗುವ 4,19,000ದಲ್ಲಿ 1,45,000 ಬಿಟ್ಟು ನೀವು ಆ ಗುದ್ದಿದ ಕಾರನ್ನು ಮತ್ತೆ ಕೊಂಡುಕೊಳ್ಳುತ್ತಿದ್ದೀರಿ. ಅದರ ಮೇಲೆ 1,90,000 ರಿಪೇರಿ. ಅಂದರೆ ರಿಪೇರಿ ಆಗಿ ನಿಂತ ಕಾರು ನಿಮಗೆ ಬೀಳುವುದು 3,35,000ಕ್ಕೆ. ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇದೇ ಮಾಡೆಲ್, ಇದೇ ವರ್ಷದ ಕಾರು, ಮುಂಭಾಗ ಪೂರ್ತಿ ಹೋಗಿ ರಿಪೇರಿ ಆದದ್ದು ಅಂತ ಗೊತ್ತಿದ್ದೂ ಬೇರೆ ಯಾರಾದರೂ ಮಾರಲು ತಂದರೆ 3,35,000 ಕೊಡುತ್ತೀರಾ?

ಇನ್ನು ಆ 1,90,000. ಅದರಲ್ಲಿ ಏರ್‌ಬ್ಯಾಗ್ ಸೇರಿದೆಯಾ ಕೇಳಿ. ಎರಡು ಏರ್‌ಬ್ಯಾಗ್ ಅಂದರೆ ಬರೀ ಎರಡು ಏರ್‌ಬ್ಯಾಗ್ ಅಲ್ಲ. ಅವನ್ನು ನಡೆಸುವ ಎಸ್‌ಆರ್‌ಎಸ್ ಮಾಡ್ಯೂಲ್, ಮುಂದಿನ ಸೀಟ್ ಬೆಲ್ಟ್‌ಗಳ ಪ್ರಿಟೆನ್ಷನರ್, ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್, ಒಡೆದಿದ್ದರೆ ಡ್ಯಾಶ್‌ಬೋರ್ಡ್ ಕೂಡ. ಅಪಘಾತದಲ್ಲಿ ಬೆಲ್ಟ್ ಒಮ್ಮೆ ಜಗ್ಗಿ ಬಿಗಿ ಹಿಡಿದರೆ ಅದರ ಕೆಲಸ ಮುಗಿಯಿತು, ಮತ್ತೆ ಹಿಡಿಯುವುದಿಲ್ಲ. ಲೋಕಲ್ ಕೊಟೇಶನ್‌ಗಳಲ್ಲಿ ಈ ಸಾಲುಗಳೇ ಇರುವುದಿಲ್ಲ. ಅದಕ್ಕೇ ಅವು ಕಡಿಮೆ ಕಾಣುತ್ತವೆ. ಗ್ಯಾರೇಜಿನವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರು ಕಾರು ಓಡುವುದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ರೇಟ್ ಹೇಳಿರುತ್ತಾರೆ, ಅಷ್ಟೇ.

ಆದರೆ ನಿಮ್ಮ ಅಂಕಿಗಳಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಟೋಟಲ್ ಲಾಸ್ ಗೆರೆ ಐಡಿವಿಯ ಶೇ. 75. ನಿಮಗೆ ಅದು 3,15,000. ರಿಪೇರಿ ಖರ್ಚು ಅದನ್ನು ದಾಟಿದರೆ ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’. ಬಹಳ ಜನ ಶೋರೂಂ ಎಸ್ಟಿಮೇಟ್ ದಾಟಿದರೆ ಸಾಕು, ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು ಬರುವ ಖರ್ಚು ಅಂತ ಪಾಲಿಸಿಯಲ್ಲೇ ಬರೆದಿದೆ. ಅಂದರೆ ಸವಕಳಿ ಕಳೆದು, ಒಪ್ಪದ ಐಟಂ ತೆಗೆದು ಉಳಿಯುವ ಮೊತ್ತವನ್ನು ಹಿಡಿಯಬೇಕು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ. 50 ಕಳೆಯುತ್ತಾರೆ. ನಾಲ್ಕರಿಂದ ಐದು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ. 35. ಗಾಜಿಗೆ ಏನೂ ಇಲ್ಲ. ನಿಮ್ಮದು ಬಂಪರ್ ಟು ಬಂಪರ್ ಆದ್ದರಿಂದ ಈ ಕಳೆಯುವಿಕೆ ಬಹುತೇಕ ಇಲ್ಲ, ಅದಕ್ಕೇ ಮೊತ್ತ ಮೇಲೇ ನಿಂತಿದೆ. ವಿಚಿತ್ರ ನೋಡಿ, ಜಾಸ್ತಿ ದುಡ್ಡು ಕೊಟ್ಟು ಒಳ್ಳೆಯ ಪಾಲಿಸಿ ತೆಗೆದುಕೊಂಡವರ ಕಾರೇ ಬೇಗ ಟೋಟಲ್ ಲಾಸ್ ಗೆರೆ ದಾಟುತ್ತದೆ.

ಆದರೂ ನಿಮಗೂ ಗೆರೆಗೂ ಇರುವ ಅಂತರ ಬರೀ 27,000. ಎಡಗಡೆಯ ಬಾಗಿಲುಗಳು ನೆಗ್ಗಿವೆ ಅಂದಿರಿ. ಎಸ್ಟಿಮೇಟ್‌ನಲ್ಲಿ ಹೊಸ ಬಾಗಿಲು ಹಾಕಿದ್ದಾರಾ, ಡೆಂಟಿಂಗ್ ಹಾಕಿದ್ದಾರಾ? ಹೊಸದು ಹಾಕಿದ್ದರೆ, ಡೆಂಟಿಂಗ್‌ನಲ್ಲಿ ಸರಿಹೋಗುತ್ತದಾ ಅಂತ ಕೇಳಿ ಮತ್ತೊಮ್ಮೆ ಅಸೆಸ್ ಮಾಡಿ ಅಂತ ಈಮೇಲ್ ಹಾಕಿ. ಗೆರೆಯ ಕೆಳಗೆ ಬಂದರೆ ಅದು ಸಾಮಾನ್ಯ ರಿಪೇರಿ ಕ್ಲೇಮ್. ಏರ್‌ಬ್ಯಾಗ್ ಸಮೇತ ಎಲ್ಲಾ ಒರಿಜಿನಲ್ ಪಾರ್ಟ್ಸ್, ಶೋರೂಂ ಬಿಲ್, ಟೋಟಲ್ ಲಾಸ್ ಅನ್ನುವ ದಾಖಲೆಯೇ ಇಲ್ಲ. ಕಾರು ಉಳಿಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಂಪನಿ ಇದಕ್ಕೆ ಖುಷಿಯಾಗಿ ಒಪ್ಪುವುದಿಲ್ಲ, ಯಾಕೆ ಅಂತಲೂ ಹೇಳಿಬಿಡುತ್ತೇನೆ. ಟೋಟಲ್ ಲಾಸ್ ಮಾಡಿ ಸಾಲ್ವೇಜ್ ಮಾರಿದರೆ ಅವರ ಜೇಬಿನಿಂದ ಹೋಗುವುದು 2,74,000. ರಿಪೇರಿ ಮಾಡಿಸಿದರೆ 3,00,000ದ ಮೇಲೆ. ವ್ಯಾಪಾರ ಅಲ್ವಾ. ಆದರೆ ಮೊತ್ತ ಶೇ. 75ರ ಒಳಗೆ ಬಂದರೆ ರಿಪೇರಿ ಕೇಳುವ ಹಕ್ಕು ನಿಮ್ಮದು.

ಒಂದು ಎಚ್ಚರಿಕೆ. ಬಿಚ್ಚಿ ನೋಡದೆ ಈ ಹಾದಿ ಹಿಡಿಯಬೇಡಿ. ಬಂಪರ್, ರೇಡಿಯೇಟರ್ ತೆಗೆದ ಮೇಲೆ ಒಳಗೆ ಇನ್ನಷ್ಟು ಡ್ಯಾಮೇಜ್ ಕಂಡರೆ ಮತ್ತೆ ಗೆರೆ ದಾಟುತ್ತದೆ. ಆಗ ಕಾರು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಶೋರೂಂನಲ್ಲಿ ಕೂತಿರುತ್ತದೆ. ಅಲ್ಲಿ ರಿಪೇರಿ ಮಾಡಿಸದೆ ಗಾಡಿ ತೆಗೆದರೆ ಎಸ್ಟಿಮೇಟ್ ಚಾರ್ಜ್, ದಿನದ ಪಾರ್ಕಿಂಗ್ ಚಾರ್ಜ್ ಕೇಳುವುದೂ ಉಂಟು. ಅದನ್ನು ಈಗಲೇ ಕೇಳಿಕೊಳ್ಳಿ.

ಹರಿಹರದ ಸದಸ್ಯರು

ಸರ್, ಈ ಲೆಕ್ಕ ನಮ್ಮ ತಲೆಗೇ ಹೊಳೆದಿರಲಿಲ್ಲ. ಎರಡು ಬಾಗಿಲೂ ಹೊಸದು ಅಂತಲೇ ಹಾಕಿದ್ದಾರೆ. ಬಿಚ್ಚಿ ನೋಡಲು ಹೇಳುತ್ತೇನೆ. ಅಕಸ್ಮಾತ್ ಟೋಟಲ್ ಲಾಸ್ ಖಾಯಂ ಆದರೆ, ಆಗಲೂ ಇಟ್ಟುಕೊಳ್ಳಬೇಕು ಅನ್ನಿಸಿದರೆ ಏನು ನೋಡಬೇಕು?

ಉತ್ತರ: ಸರ್ವೇಯರ್

ಆರ್‌ಸಿ. ಮೊದಲು ಅದು, ಉಳಿದದ್ದೆಲ್ಲ ಆಮೇಲೆ.

‘ಆರ್‌ಸಿ ಸಮೇತ ನೆಟ್ ಆಫ್ ಸಾಲ್ವೇಜ್’ (ಸಾಲ್ವೇಜ್ ಬೆಲೆ ಕಳೆದು, ಆರ್‌ಸಿ ನಿಮ್ಮಲ್ಲೇ ಬಿಟ್ಟು) ಅಂತ ಸೆಟಲ್ ಮಾಡುತ್ತಾರಾ, ಆರ್‌ಸಿ ರದ್ದು ಮಾಡಿಸಿ ತನ್ನಿ ಅಂತಾರಾ, ಇದನ್ನು ಬರವಣಿಗೆಯಲ್ಲಿ ಪಡೆಯಿರಿ. ಗಾಡಿ ನಾಶವಾಗಿದ್ದರೆ ಅಥವಾ ಇನ್ನು ಯಾವತ್ತೂ ಬಳಸಲಾರದ ಹಾಗೆ ಆಗಿದ್ದರೆ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆರ್‌ಸಿ ರದ್ದಾದ ಮೇಲೆ ನೀವು ಲಕ್ಷಗಟ್ಟಲೆ ಸುರಿದು ಕಾರನ್ನು ಮಿರಮಿರ ಮಿಂಚಿಸಿದರೂ ಅದು ರೋಡಿಗೆ ಇಳಿಯುವಂತಿಲ್ಲ. ಪಾರ್ಟ್ಸ್‌ಗೆ ಕೊಡಬೇಕು, ಅಷ್ಟೇ. ಗುದ್ದಿ ರಿಪೇರಿ ಆಗಬಲ್ಲ ಗಾಡಿ ಬೇರೆ, ಪೂರ್ತಿ ನಾಶವಾದ ಗಾಡಿ ಬೇರೆ. ಆದರೆ ನೀವು ಸಹಿ ಹಾಕುವ ಕನ್ಸೆಂಟ್ ಲೆಟರ್‌ನಲ್ಲಿ ಏನು ಬರೆದಿದೆಯೋ ಅದೇ ನಿಲ್ಲುವುದು. ಎರಡು ಪುಟ ಓದಲು ಬೇಜಾರು ಅಂತ ಸಹಿ ಹಾಕಬೇಡಿ. ಫೋನಿನಲ್ಲಿ ‘ಆರ್‌ಸಿ ನಿಮ್ಮತ್ರನೇ ಇರುತ್ತೆ ಸರ್’ ಅಂದದ್ದು ಲೆಕ್ಕಕ್ಕಿಲ್ಲ.

ಆಮೇಲೆ ದುಡ್ಡು. ಸಾಲ ಇರುವುದರಿಂದ ಚೆಕ್ ನಿಮ್ಮ ಕೈಗೆ ನೇರವಾಗಿ ಬರುವುದಿಲ್ಲ, ಮೊದಲು ಬ್ಯಾಂಕ್ ಪಾಲು. 2,74,000ದಲ್ಲಿ 90,000 ಹೋದರೆ ಕೈಯಲ್ಲಿ 1,84,000. ಗ್ಯಾರೇಜ್ ಹೇಳಿದ್ದು 1,90,000. ಸಾಲ ತೀರಿತು ಅನ್ನುವುದು ನಿಜ, ಆದರೆ ಕೆಲಸ ಶುರು ಮಾಡುವ ದಿನವೇ ನಿಮ್ಮ ಹತ್ತಿರ 6,000 ಕಡಿಮೆ ಇರುತ್ತದೆ. ಏರ್‌ಬ್ಯಾಗ್ ಖರ್ಚು ಇನ್ನೂ ಸೇರಿಸಿಲ್ಲ.

ಟೋಟಲ್ ಲಾಸ್ ದುಡ್ಡು ಬಂದ ಮೇಲೆ ಆ ಪಾಲಿಸಿ ಮುಗಿಯಿತು. ರಿಪೇರಿ ಆದ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯುವ ಮೊದಲು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು, 146ನೇ ಕಲಂ. ಓನ್ ಡ್ಯಾಮೇಜ್ ಬೇಕು ಅಂದರೆ ಗಾಡಿ ತಪಾಸಣೆ ಮಾಡಿಸುತ್ತಾರೆ, ಹಳೆಯ ಕ್ಲೇಮ್ ಕೇಳುತ್ತಾರೆ. ಮುಚ್ಚಿಡಬೇಡಿ. ಕ್ಲೇಮ್‌ಗಳ ವಿವರ ಇನ್ಶೂರೆನ್ಸ್ ಇನ್ಫರ್ಮೇಷನ್ ಬ್ಯೂರೋದಲ್ಲಿ ಸೇರುತ್ತದೆ, ಬೇರೆ ಕಂಪನಿಯವರೂ ನೋಡಬಲ್ಲರು. ನೋ ಕ್ಲೇಮ್ ಬೋನಸ್ ಅಂತೂ ಸೊನ್ನೆ.

ಪಾರ್ಟ್ಸ್ ಯಾವುದು, ಬೆಸುಗೆ ಎಲ್ಲಿ ಅನ್ನುವುದನ್ನು ನಮ್ಮ ಡೆಂಟಿಂಗ್ ಅಣ್ಣನವರು ಹೇಳಿದರೆ ಚೆನ್ನ. ಗ್ರೂಪಿನಲ್ಲೇ ಇದ್ದಾರೆ.

ಡೆಂಟಿಂಗ್ ಕೆಲಸದವರು, ದಾವಣಗೆರೆ

ಕರೆದಿದ್ದಕ್ಕೆ ಥ್ಯಾಂಕ್ಸ್ ಸರ್. ನಾನು ಗ್ಯಾರೇಜಿನ ಭಾಷೆಯಲ್ಲೇ ಹೇಳುತ್ತೇನೆ.

ಬೋಲ್ಟ್ ಬಿಚ್ಚಿ ಹಾಕುವುದೆಲ್ಲಾ ಸುಲಭ. ಬಾನೆಟ್, ಫೆಂಡರ್, ಬಂಪರ್, ಬಾಗಿಲು, ಹೆಡ್‌ಲೈಟ್, ರೇಡಿಯೇಟರ್. ಇವುಗಳಲ್ಲಿ ಎಷ್ಟೇ ಹೋಗಿರಲಿ, ಕಾರು ಉಳಿಯುತ್ತದೆ. ಗುಜರಿಯಿಂದ ಒಳ್ಳೆಯ ಬಾನೆಟ್, ಬಾಗಿಲು ತಂದು ಹಾಕಿದರೂ ತಪ್ಪಿಲ್ಲ. ಬೆಸುಗೆ ಹಾಕಿರುವ ಜಾಗ ಬೇರೆ ಮಾತು. ಏಪ್ರನ್ (ಮುಂದಿನ ಚಕ್ರದ ಮೇಲಿನ ಒಳ ತಗಡು), ಲಾಂಗ್ ಮೆಂಬರ್ (ಎಂಜಿನ್ ಪಕ್ಕ ಉದ್ದಕ್ಕೆ ಹೋಗುವ ತೊಲೆ), ಮುಂದಿನ ಗಾಜಿನ ಪಕ್ಕದ ಪಿಲ್ಲರ್, ಕಾಲಿಡುವ ಫ್ಲೋರ್. ಈಗಿನ ಕಾರಿಗೆ ಲಾರಿ ತರಹ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಲಾಂಗ್ ಮೆಂಬರ್ ಬೆಂಡ್ ಆದರೆ ಎಂಜಿನ್ ಕೂರುವ ಜಾಗ, ಸಸ್ಪೆನ್ಷನ್ ಕೂರುವ ಜಾಗ ಎಲ್ಲಾ ಸರಿದಿರುತ್ತದೆ.

ಕೆಲವರು ಗ್ಯಾಸ್ ಹಿಡಿದು ಕೆಂಪಗೆ ಕಾಯಿಸಿ, ಚೈನ್ ಕಟ್ಟಿ ಮರಕ್ಕೋ ಕಂಬಕ್ಕೋ ಎಳೆಯುತ್ತಾರೆ. ಹಳೆಯ ಅಂಬಾಸಿಡರ್‌ಗೆ ನಡೆಯುತ್ತಿತ್ತು. ಈಗಿನ ಕಾರಿನ ಪಿಲ್ಲರ್, ಮೆಂಬರ್‌ಗಳಲ್ಲಿ ಗಟ್ಟಿ ಸ್ಟೀಲ್ ಹಾಕಿರುತ್ತಾರೆ. ಕಾಯಿಸಿದರೆ ಅದರ ಗಟ್ಟಿತನವೇ ಹೋಗುತ್ತದೆ. ನೋಡಲು ನೆಟ್ಟಗೆ ಕಾಣುತ್ತದೆ. ಮತ್ತೊಮ್ಮೆ ಗುದ್ದಿದರೆ ಅದು ಮಡಚುವ ರೀತಿಯೇ ಬೇರೆ. ಬೆಂಚ್ (ಬಾಡಿಯನ್ನು ಬಿಗಿದು ನೆಟ್ಟಗೆ ಮಾಡುವ ಮೆಷಿನ್) ಮೇಲೆ ಕೂರಿಸಿ, ಕಂಪನಿ ಅಳತೆ ಇಟ್ಟುಕೊಂಡು ಎಳೆಯಬೇಕು. ಆ ಮೆಷಿನ್ ಎಲ್ಲಾ ಗ್ಯಾರೇಜಿನಲ್ಲಿ ಇರುವುದಿಲ್ಲ, ನನ್ನ ಹತ್ತಿರವೂ ಇಲ್ಲ. ಅಂಥ ಕೆಲಸ ಬಂದರೆ ಬೆಂಚ್ ಇರುವ ಕಡೆ ಕಳಿಸುತ್ತೇನೆ.

ಗಿರಾಕಿ ತಾನೇ ನೋಡಿಕೊಳ್ಳಬಹುದಾದ ಒಂದು ವಿಷಯ ಇದೆ. ಬಾನೆಟ್ ತೆಗೆಸಿ ಎಂಜಿನ್ ರೂಮಿನಲ್ಲಿ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎಡ ಮುಂದಿನಿಂದ ಬಲ ಹಿಂದೆ, ಬಲ ಮುಂದಿನಿಂದ ಎಡ ಹಿಂದೆ, ಎರಡೂ ಕಡೆ ಒಂದೇ ಬೋಲ್ಟ್ ತೂತು ಹಿಡಿದು. ಎರಡು ಅಳತೆ ಒಂದೇ ಬರಬೇಕು. ಎದ್ದು ಕಾಣುವಷ್ಟು ವ್ಯತ್ಯಾಸ ಇದ್ದರೆ ಬಾಡಿ ತಿರುಚಿದೆ ಅಂತ ತಿಳಿಯಿರಿ. ರಿಪೇರಿ ಆದ ಮೇಲೆ ವೀಲ್ ಅಲೈನ್‌ಮೆಂಟ್ ಪ್ರಿಂಟ್ ಕೇಳಿ. ಅಡ್ಜಸ್ಟ್ ಮಾಡಿ ಮಾಡಿ ಸಾಕಾದರೂ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಒಂದು ಕಡೆ ಸರಿ ಬರುತ್ತಿಲ್ಲ ಅಂದರೆ ಒಳಗೆ ಇನ್ನೂ ಸೊಟ್ಟ ಇದೆ.

ಇನ್ನೊಂದು, ಇದು ಬಹಳ ಕಡೆ ನಡೆಯುತ್ತದೆ. ಏರ್‌ಬ್ಯಾಗ್ ಹಾಕದೆ, ಅದರ ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿಬಿಡುತ್ತಾರೆ. ಸ್ಟೀರಿಂಗ್ ಮೇಲೆ ಹೊಸ ಕವರ್, ಒಳಗೆ ಖಾಲಿ. ಇನ್ನು ಕೆಲವರು ಲೈಟ್ ಬಲ್ಬನ್ನೇ ಕಿತ್ತಿರುತ್ತಾರೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವು ಸೆಕೆಂಡ್ ಇದ್ದು ಆರಬೇಕು. ಹತ್ತುವುದೇ ಇಲ್ಲ ಅಂದರೆ ಏನೋ ಆಗಿದೆ. ಹತ್ತಿ ಆರಿತು ಅಂದರೂ ಏರ್‌ಬ್ಯಾಗ್ ಇದೆ ಅಂತಲ್ಲ, ಪಾರ್ಟ್ ಬಿಲ್ ನೋಡಿ. ಏರ್‌ಬ್ಯಾಗ್, ಬೆಲ್ಟ್, ಸ್ಟೀರಿಂಗ್, ಚಕ್ರ ಹಿಡಿಯುವ ನಕಲ್, ಇವನ್ನು ಮಾತ್ರ ಗುಜರಿಯಿಂದ ತರಬೇಡಿ. ನಾನು ಗಿರಾಕಿ ಕೇಳಿದರೂ ಹಾಕಿಕೊಡುವುದಿಲ್ಲ.

ಚಾಸಿ ನಂಬರ್ ಹೊಡೆದಿರುವ ತಗಡನ್ನು ಯಾರಿಗೂ ಕತ್ತರಿಸಲು ಬಿಡಬೇಡಿ. ಅಲ್ಲೇ ಪೆಟ್ಟು ಬಿದ್ದಿದ್ದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕಟ್ಟರ್.

ಪ್ರಶ್ನೆ: ಹಿರಿಯೂರಿನ ಸದಸ್ಯರು

ಸರ್, ಗುದ್ದಿದ ಕಾರಿನ ಮಾತು ಸರಿ. ನೀರಿನಲ್ಲಿ ಮುಳುಗಿದ ಕಾರು? 2022ರಲ್ಲಿ ಮಾರಿ ಕಣಿವೆ (ವಾಣಿ ವಿಲಾಸ ಸಾಗರ) ಡ್ಯಾಂ ಕೋಡಿ ಬಿದ್ದಾಗ ವೇದಾವತಿ ದಂಡೆಯ ಕಡೆ ಎಷ್ಟು ನೀರು ಬಂತು ಅಂತ ನೀವೂ ಕೇಳಿರುತ್ತೀರಿ. ನೀರು ನುಗ್ಗಿದ ಕಾರೊಂದು ಈಗ ಕಡಿಮೆ ರೇಟಿಗೆ ಬಂದಿದೆ, ಎಂಜಿನ್ ಓವರ್‌ಹಾಲ್ ಆಗಿದೆ ಅಂತಾರೆ.

ಉತ್ತರ: ಸರ್ವೇಯರ್

ಬೇಡ.

ಸ್ವಲ್ಪ ಜಾಸ್ತಿ ಹೇಳಬೇಕು ಅಂದರೆ, ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದೇ ಆ ವರ್ಷ. ನೀರು ಬರಬಹುದು ಅನ್ನುವ ಅಂದಾಜೇ ಇಲ್ಲದೆ ಜನ ಗಾಡಿ ನಿಲ್ಲಿಸಿಕೊಂಡಿದ್ದರು. ಮುಳುಗಿದ ಕಾರಿಗೆ ಎಂಜಿನ್ ದೊಡ್ಡ ಸಮಸ್ಯೆಯೇ ಅಲ್ಲ, ಅದನ್ನು ಬಿಚ್ಚಿ ಕಟ್ಟಬಹುದು. ಸಮಸ್ಯೆ ಇರುವುದು ಕಾರ್ಪೆಟ್ ಕೆಳಗೆ. ವೈರಿಂಗ್ ಹಾರ್ನೆಸ್ ಅಲ್ಲೇ ಹಾದು ಹೋಗುತ್ತದೆ. ಬಹಳ ಕಾರುಗಳಲ್ಲಿ ಏರ್‌ಬ್ಯಾಗ್ ಮಾಡ್ಯೂಲ್ ಗೇರ್ ಲಿವರ್ ಹತ್ತಿರ ಫ್ಲೋರ್ ಮೇಲೆಯೇ ಕೂತಿರುತ್ತದೆ. ಕನೆಕ್ಟರ್ ಒಳಗೆ ಕಿಲುಬು ನಿಧಾನಕ್ಕೆ ಹತ್ತುತ್ತದೆ. ಇವತ್ತು ಪವರ್ ವಿಂಡೋ ನಿಲ್ಲುತ್ತದೆ, ಆರು ತಿಂಗಳು ಬಿಟ್ಟು ಎಬಿಎಸ್ ಲೈಟ್, ಆಮೇಲೆ ಹೈವೇಯಲ್ಲಿ ಎಂಜಿನ್ನೇ ಆಫ್. ಗುದ್ದಿದ ಕಾರಿನ ಖರ್ಚಿಗೆ ಒಂದು ಕೊನೆ ಇದೆ, ಮುಳುಗಿದ ಕಾರಿನ ಖರ್ಚಿಗೆ ಕೊನೆ ಇಲ್ಲ.

ನಿಮ್ಮದೇ ಕಾರು ಯಾವತ್ತಾದರೂ ಮುಳುಗಿದರೆ ಸ್ಟಾರ್ಟ್ ಮಾತ್ರ ಮಾಡಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ (ಎಂಜಿನ್‌ಗೆ ತೆಗೆದುಕೊಳ್ಳುವ ಹೆಚ್ಚುವರಿ ಕವರ್) ಇಲ್ಲದಿದ್ದರೆ ಆ ಖರ್ಚು ಕೊಡುವುದಿಲ್ಲ ಅಂತ ಕಂಪನಿ ತಕರಾರು ತೆಗೆಯುವುದು ಅಲ್ಲೇ. ಬ್ಯಾಟರಿ ವೈರ್ ತೆಗೆದು, ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಫೋನ್ ಮಾಡಿ.

ಪ್ರಶ್ನೆ: ಚಳ್ಳಕೆರೆಯ ಸದಸ್ಯರು

ನಮ್ಮ ಹಳೆಯ ಕಾರು ಟೋಟಲ್ ಲಾಸ್ ಆಗಿದೆ. ಸಾಲ್ವೇಜ್ ಬಿಡ್ ಹಿಡಿದವನು ಬೇರೆ ರಾಜ್ಯದವನು. ‘29, 30ನೇ ನಮೂನೆಗೆ (ಹೆಸರು ವರ್ಗಾವಣೆ ಅರ್ಜಿ) ಸಹಿ ಹಾಕಿ, ಆರ್‌ಸಿ ಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಅಂತಾನೆ. ದುಡ್ಡು ತಕ್ಷಣ ಹಾಕುತ್ತಾನಂತೆ. ಕೊಡಬಹುದಾ ಅಣ್ಣಾ?

ಉತ್ತರ: ಸರ್ವೇಯರ್

ಹಾಗೆ ಕೊಡಬೇಡಿ. ಈ ವ್ಯಾಪಾರದಲ್ಲಿ ಕೆಲವರಿಗೆ ನಿಮ್ಮ ಕಾರಿನ ತಗಡು ಬೇಡ, ಬೇಕಾಗಿರುವುದು ನಿಮ್ಮ ಆರ್‌ಸಿ ಮತ್ತು ಚಾಸಿ ನಂಬರ್. ಅದೇ ಮಾಡೆಲ್, ಅದೇ ಬಣ್ಣದ ಕದ್ದ ಕಾರಿಗೆ ನಿಮ್ಮ ನಂಬರ್ ಹೊಡೆದರೆ ಅದು ಕಾಗದದಲ್ಲಿ ನಿಮ್ಮ ಕಾರು. ಇಂಥ ಜಾಲಗಳನ್ನು ಪೊಲೀಸರು ಉತ್ತರದ ರಾಜ್ಯಗಳಲ್ಲಿ ಹಿಡಿದಿದ್ದಾರೆ. ಬಿಡ್ ರೇಟ್ ತಗಡಿನ ಬೆಲೆಗಿಂತ ಅತಿ ಜಾಸ್ತಿ ಇದ್ದರೆ ಯಾಕೆ ಅಂತ ಯೋಚನೆ ಮಾಡಿ.

ಇನ್ನೊಂದು ಕಡೆಯಿಂದಲೂ ನೋಡಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ಹೇಳಿದೆ. ಆ ಗಾಡಿ ಕೈಯಿಂದ ಕೈಗೆ ಹೋಗಿ, ಇನ್ನೆಲ್ಲೋ ಯಾರಿಗೋ ಗುದ್ದಿದರೆ ಪರಿಹಾರದ ನೋಟಿಸ್ ಚಳ್ಳಕೆರೆಗೆ, ನಿಮ್ಮ ಮನೆಗೆ ಬರುತ್ತದೆ.

ರಿಪೇರಿ ಆಗದ ಗಾಡಿ ಆದರೆ ಆರ್‌ಸಿ ರದ್ದು ಮಾಡಿಸಿ ಆಮೇಲೆ ಕೊಡಿ. ನಿಮ್ಮದು ಕೆಎ 16 ನಂಬರ್ ಆದರೆ ಚಿತ್ರದುರ್ಗದ ಆರ್‌ಟಿಒ. ರಿಪೇರಿ ಆಗುವ ಗಾಡಿ ಆದರೆ ಹೆಸರು ವರ್ಗಾವಣೆ ಅರ್ಜಿ ನಿಮ್ಮ ಕಡೆಯಿಂದಲೇ ಸಲ್ಲಿಕೆ ಆಗಲಿ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು. ಖಾಲಿ ನಮೂನೆಗೆ ಸಹಿ ಹಾಕುವುದು, ಖಾಲಿ ಚೆಕ್‌ಗೆ ಸಹಿ ಹಾಕುವುದು ಎರಡೂ ಒಂದೇ. ಇನ್ನು, ಸಾಲ್ವೇಜ್ ನೀವೇ ಮಾರಿಕೊಳ್ಳಿ ಅಂತ ಕಂಪನಿ ನಿಮ್ಮ ತಲೆಗೆ ಕಟ್ಟುವಂತಿಲ್ಲ. ಅದನ್ನು ತೆಗೆದುಕೊಂಡು ಹೋಗುವ ಹೊಣೆ ಕಂಪನಿಯದು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮಾಸ್ಟರ್ ಸುತ್ತೋಲೆ ಹೇಳುತ್ತದೆ. ‘ನನಗೆ ಗಾಡಿ ಬೇಡ, ಪೂರ್ತಿ ಮೊತ್ತ ಕೊಡಿ, ಗಾಡಿ ನೀವು ಒಯ್ಯಿರಿ’ ಅಂತ ಬರೆದು ಕೊಡಿ. ಕೊಂಡವನ ಜತೆ ಮಾತುಕತೆ ಅವರದ್ದೇ ಆಗಲಿ.

ಪ್ರಶ್ನೆ: ಚಿತ್ರದುರ್ಗದ ಸದಸ್ಯೆ

ಸರ್, ನನ್ನದು ಸಣ್ಣ ಪ್ರಶ್ನೆ. ಪಾಲಿಸಿಯಲ್ಲಿ ಐಡಿವಿ 5,10,000 ಇದೆ. ಪ್ರೀಮಿಯಂ ಕೂಡ ಅದರ ಮೇಲೇ ಕಟ್ಟಿದ್ದೇವೆ. ಈಗ ಮಾರ್ಕೆಟ್ ರೇಟ್ 4,30,000 ಅಷ್ಟೇ, ಅದನ್ನೇ ಕೊಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬೇಕಾ?

ಉತ್ತರ: ಸರ್ವೇಯರ್

ಒಪ್ಪಬೇಡಿ ಮೇಡಂ. ಟೋಟಲ್ ಲಾಸ್‌ನಲ್ಲಿ ಐಡಿವಿಯೇ ಆಧಾರ. ಪ್ರೀಮಿಯಂ ತೆಗೆದುಕೊಳ್ಳುವಾಗ ಒಂದು ಬೆಲೆ, ಕ್ಲೇಮ್ ಕೊಡುವಾಗ ಒಂದು ಬೆಲೆ ಅನ್ನುವಂತಿಲ್ಲ. 2008ರಲ್ಲಿ ಧರ್ಮೇಂದ್ರ ಗೋಯಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದೆ. ಕಳೆಯಬಹುದಾದದ್ದು ಕಡ್ಡಾಯ ಕಡಿತ, ಅಂದರೆ 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ನೀವೇ ಹೆಚ್ಚುವರಿ ಕಡಿತ ಒಪ್ಪಿ ಪ್ರೀಮಿಯಂ ಇಳಿಸಿಕೊಂಡಿದ್ದರೆ ಅದೂ ಸೇರುತ್ತದೆ. ಕಾರು ನಿಮ್ಮ ಹತ್ತಿರವೇ ಉಳಿದರೆ ಸಾಲ್ವೇಜ್.

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ದುಡ್ಡಿನ ತುರ್ತಿಗೆ ‘ಪೂರ್ತಿ ಮತ್ತು ಅಂತಿಮ’ ಅಂತ ಬರೆದ ಡಿಸ್‌ಚಾರ್ಜ್ ವೋಚರ್‌ಗೆ ಸಹಿ ಹಾಕಿಬಿಟ್ಟರೆ ಮಾತ್ರ ಆಮೇಲೆ ವಾದ ಕಷ್ಟ.

ಜಗಳೂರಿನ ಸದಸ್ಯರು

ಸರ್, ಇಷ್ಟೆಲ್ಲಾ ಕೇಳಿದ ಮೇಲೆ, ಯಾವ ಕಾರನ್ನಾದರೂ ಇಟ್ಟುಕೊಳ್ಳಿ ಅಂತ ನೀವು ಹೇಳುತ್ತೀರಾ, ಇಲ್ಲವಾ?

ಉತ್ತರ: ಸರ್ವೇಯರ್

ಹೇಳುತ್ತೇನೆ. ಐದು ವರ್ಷ ದಾಟಿ, ಐಡಿವಿ ತೀರಾ ಕಡಿಮೆ ಆಗಿರುವ ಕಾರು ಇರುತ್ತದಲ್ಲ, ಅದರ ಐಡಿವಿ ಎರಡು ಲಕ್ಷದ ಆಸುಪಾಸು ಇದ್ದರೆ ಎರಡು ಬಾಗಿಲು, ಒಂದು ಕ್ವಾರ್ಟರ್ ಪ್ಯಾನೆಲ್, ಪೇಂಟಿಂಗ್ ಅಂತ ಶೋರೂಂ ರೇಟಿನಲ್ಲಿ ಹಿಡಿದರೆ ಶೇ. 75 ದಾಟಿಬಿಡಬಹುದು. ಒಳಗೆ ಏನೂ ಆಗಿರುವುದಿಲ್ಲ. ಏರ್‌ಬ್ಯಾಗ್ ಬಿಚ್ಚಿರುವುದಿಲ್ಲ, ಎಂಜಿನ್ ಸ್ಟಾರ್ಟ್ ಆಗುತ್ತದೆ, ಬಾಡಿ ಅಳತೆ ಸರಿ ಇರುತ್ತದೆ. ಸಾಲ ಇಲ್ಲ, ಆರ್‌ಸಿ ಉಳಿಯುತ್ತದೆ ಅಂತ ಪತ್ರ ಇದೆ, ಇನ್ನು ಐದಾರು ವರ್ಷ ನಾವೇ ಓಡಿಸುತ್ತೇವೆ, ಮಾರುವ ಯೋಚನೆ ಇಲ್ಲ. ಅಂಥದ್ದನ್ನು ಕಣ್ಣು ಮುಚ್ಚಿ ಇಟ್ಟುಕೊಳ್ಳಿ. ಪಕ್ಕ ಉಜ್ಜಿಸಿಕೊಂಡ ಕಾರು, ಆಲಿಕಲ್ಲು ಬಿದ್ದ ಕಾರು, ಇವೆಲ್ಲ ಈ ಜಾತಿಯವು. ನಮ್ಮಲ್ಲಿ ಆರ್‌ಸಿ ಮೇಲೆ ‘ಟೋಟಲ್ ಲಾಸ್ ಆದ ಗಾಡಿ’ ಅಂತ ಮುದ್ರೆ ಹೊಡೆಯುವ ಪದ್ಧತಿ ಇಲ್ಲ. ಆದರೂ ಮುಂದೆ ಮಾರುವಾಗ ಕೊಳ್ಳುವವರಿಗೆ ಹೇಳಿಯೇ ಮಾರಿ, ಬಿಲ್‌ಗಳನ್ನು ಇಟ್ಟುಕೊಂಡಿರಿ.

ಹರಿಹರದ ಸದಸ್ಯರು

ಸರ್, ಶೋರೂಂನಲ್ಲಿ ಬಿಚ್ಚಿಸಿದೆವು. ಎಡಗಡೆ ಲಾಂಗ್ ಮೆಂಬರ್ ಬೆಂಡ್ ಆಗಿದೆ, ಏಪ್ರನ್ ಕೂಡ. ಬಾಗಿಲನ್ನು ಡೆಂಟಿಂಗ್‌ಗೆ ಇಳಿಸಿದರೂ ಮೊತ್ತ ಮತ್ತೆ 3,60,000ಕ್ಕೆ ಹೋಯಿತು. ಪರಿಚಯದ ಗ್ಯಾರೇಜಿನವರನ್ನು ಏರ್‌ಬ್ಯಾಗ್ ಬಗ್ಗೆ ಕೇಳಿದೆ. ‘ಅದು ಬೇಕು ಅಂದರೆ ಬೇರೆ ರೇಟ್’ ಅಂದರು. ಬೆಂಚ್ ಇದೆಯಾ ಅಂದರೆ ‘ನಮ್ಮ ಹುಡುಗರು ಕಣ್ಣಳತೆಯಲ್ಲೇ ಮಾಡುತ್ತಾರೆ’ ಅಂದರು. ಮಾವನವರೂ ಆ ಮಾತು ಕೇಳಿ ಸುಮ್ಮನಾದರು. ಬಿಟ್ಟುಕೊಡುವುದು ಅಂತ ತೀರ್ಮಾನ ಮಾಡಿದ್ದೇವೆ.

ಈಗ ಕಂಪನಿಯವರು ಮೊದಲು ಬ್ಯಾಂಕ್ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ತನ್ನಿ ಅನ್ನುತ್ತಾರೆ. ಬ್ಯಾಂಕಿನವರು ಮೊದಲು ದುಡ್ಡು ಕಟ್ಟಿ ಅನ್ನುತ್ತಾರೆ. ಯಾವುದು ಮೊದಲು?

ಉತ್ತರ: ಸರ್ವೇಯರ್

ಸರಿಯಾದ ತೀರ್ಮಾನ. ಕಣ್ಣಳತೆಗೆ ಲಾಂಗ್ ಮೆಂಬರ್ ಸಿಗುವುದಿಲ್ಲ.

ಬ್ಯಾಂಕಿನಿಂದ ಸಾಲ ಮುಗಿಸುವ ಮೊತ್ತದ ಪತ್ರ ತೆಗೆದುಕೊಳ್ಳಿ. ಇಷ್ಟು ಕಟ್ಟಿದರೆ ಎನ್‌ಒಸಿ ಕೊಡುತ್ತೇವೆ ಅಂತ ಅದರಲ್ಲಿ ಇರಬೇಕು, ಯಾವ ತಾರೀಕಿನವರೆಗೆ ಅಂತಲೂ ಇರಬೇಕು. ಅದನ್ನು ಕಂಪನಿಗೆ ಕೊಟ್ಟು, ಸಾಲದ ಭಾಗವನ್ನು ನೇರ ಬ್ಯಾಂಕಿಗೆ ಹಾಕಿ ಅಂತ ಒಪ್ಪಿಗೆ ಬರೆದು ಕೊಡಿ. ಅದು ಸೇರಿದ ಮೇಲೆ ಬ್ಯಾಂಕ್ ಎನ್‌ಒಸಿ ಮತ್ತು 35ನೇ ನಮೂನೆ ಕೊಡುತ್ತದೆ. ಅವನ್ನು ದಾವಣಗೆರೆ ಆರ್‌ಟಿಒಗೆ ಸಲ್ಲಿಸಿ ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. ಆಮೇಲೆ ಆರ್‌ಸಿ ರದ್ದು, ಉಳಿದ ಮೊತ್ತ ನಿಮಗೆ. ಇಎಂಐ ಮಾತ್ರ ಈ ಮಧ್ಯೆ ನಿಲ್ಲಿಸಬೇಡಿ. ಕಾರು ಇಲ್ಲ, ಯಾಕೆ ಕಟ್ಟಬೇಕು ಅಂತ ನಿಲ್ಲಿಸಿ ಸಿಬಿಲ್ ಕೆಡಿಸಿಕೊಂಡವರು ಇದ್ದಾರೆ.

ಗಾಡಿ ಒಯ್ಯುವ ದಿನ ನೀವು ಶೋರೂಂನಲ್ಲಿ ಇರಿ. ಚಾಸಿ ನಂಬರ್, ಓಡಿದ ಕಿಲೋಮೀಟರ್, ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಯಾರು ಒಯ್ದರು, ಯಾವ ತಾರೀಕು, ಎಷ್ಟು ಗಂಟೆಗೆ ಅಂತ ಬರೆದ ರಸೀದಿಗೆ ಸಹಿ ಪಡೆಯಿರಿ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಕೊಟ್ಟ ಬ್ಯಾಂಕಿಗೆ ಹೇಳಿ ಖಾತೆ ಮುಚ್ಚಿಸಿ. ಇಲ್ಲದಿದ್ದರೆ ಹೆಬ್ಬಾಳು ಟೋಲ್‌ನಲ್ಲಿ ಯಾರೋ ದಾಟಿದ್ದಕ್ಕೆ ನಿಮ್ಮ ದುಡ್ಡು ಕಟ್ಟಾಗಬಹುದು.

ಹರಿಹರದ ಸದಸ್ಯರು

ಸರಿ ಸರ್. ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ಡಿಕ್ಕಿಯಲ್ಲಿ ಹೊಸ ಸ್ಟೆಪ್ನಿ ಟೈರ್ ಇದೆ, ಎರಡು ತಿಂಗಳ ಹಿಂದೆ ಹಾಕಿಸಿದ್ದು. ಅದನ್ನು ತೆಗೆದುಕೊಳ್ಳಬಹುದಾ?

ಉತ್ತರ: ಸರ್ವೇಯರ್

ಬೇಡ. ಸರ್ವೇ ಫೋಟೋದಲ್ಲಿ ಇರುವುದೆಲ್ಲಾ ಗಾಡಿಯ ಜತೆಗೇ ಹೋಗಬೇಕು, ಬಿಡ್ ಆಗಿರುವುದು ಅದೆಲ್ಲ ಸೇರಿ. ನೀವು ಹಾಕಿಸಿದ ಸೀಟ್ ಕವರ್ ಆಸೆಯನ್ನೂ ಬಿಡಿ. ನಿಮ್ಮ ಕಾಗದಪತ್ರ, ಮನೆ ಬೀಗದ ಕೈ, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಅಷ್ಟನ್ನು ತೆಗೆದುಕೊಳ್ಳಿ.